ಮಿರ್ಕಾಬಿನ ಓಣಿಯಲ್ಲಿ ಕೇಳಿದ ಹಾರ್ನ್

ಗಾಳಿ, ಸೋಂಕು, ಸತ್ತವರು ಕರೆದರು ಎಂದೆಲ್ಲ ಯಾರಾದರೂ ಮಾತು ತೆಗೆದರೆ ನಾನು ಮೊದಲಿನಿಂದಲೂ ನಕ್ಕುಬಿಡುವವನು. ನಗುವುದಷ್ಟೇ ಅಲ್ಲ, ಅಡ್ಡಪ್ರಶ್ನೆ ಹಾಕಿ ಹೇಳಿದವರ ಬಾಯಿ ಮುಚ್ಚಿಸುವವನು. ನಾನು ಮೆಕ್ಯಾನಿಕ್. ಆಯುಷ್ಯವೆಲ್ಲ ಡೀಸೆಲ್ ಇಂಜಿನುಗಳ ಹೊಟ್ಟೆಯೊಳಗೆ ಕೈ ಹಾಕಿ ಬದುಕಿದವನು. ಸದ್ದು ಬಂತೆಂದರೆ ಎಲ್ಲೋ ಬೋಲ್ಟು ಸಡಿಲ, ಇಲ್ಲವೇ ಬೇರಿಂಗ್ ಹೋಗಿದೆ. ಕಾರಣವಿಲ್ಲದ ಸದ್ದು ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಅದಕ್ಕೇ ಈ ಸಂಗತಿಯನ್ನು ಬಹಳ ಕಾಲ ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ನನ್ನಂಥವನೇ ಒಬ್ಬ ಎದುರು ಕೂತು ಅಡ್ಡಪ್ರಶ್ನೆ ಹಾಕುತ್ತಾನಲ್ಲ! ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇಂಥವೆಲ್ಲ ರಾತ್ರಿ ಹೊತ್ತು ಆಗುತ್ತವೆ ಅನ್ನುತ್ತಾರೆ. ನನಗೆ ಆದದ್ದು ಮಾತ್ರ ರಣಬಿಸಿಲಿನ ನಡು ಮಧ್ಯಾಹ್ನ.

ಆಗ ನಾನು ಕುವೈತಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ನುಗ್ಗಿತು. ನಮ್ಮ ಕಫೀಲ್, ಅಂದರೆ ನಮ್ಮನ್ನು ಕೆಲಸಕ್ಕೆ ಕರೆಸಿದ ಅರಬಿ ಧಣಿ, ಪಾಸ್‌ಪೋರ್ಟುಗಳನ್ನು ನಮ್ಮ ಕೈಗೆ ಕೊಟ್ಟು, "ಖಲಾಸ್, ಇನ್ನು ದೇವರೇ ಗತಿ" ಎಂದು ಹೆಂಡತಿ ಮಕ್ಕಳೊಂದಿಗೆ ಸೌದಿ ಕಡೆ ಹೊರಟುಹೋದ. ಸೈನಿಕರು ಬಂದು ಗ್ಯಾರೇಜಿನಲ್ಲಿದ್ದ ಒಳ್ಳೊಳ್ಳೆ ಗಾಡಿಗಳನ್ನೆಲ್ಲ ಒಯ್ದರು. ಹಿತ್ತಿಲಲ್ಲಿ ಒಂದು ಹಳೇ ಡೀಸೆಲ್ ಟ್ರಕ್ಕು ಬಿದ್ದಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಇರುವ, ಮರಳಿನಲ್ಲಿ ಓಡುವ ಜಾತಿಯದ್ದು. ಟಯರುಗಳು ಮರಳಲ್ಲಿ ಹೂತುಹೋಗಿದ್ದವು, ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಅದನ್ನು ನೋಡಿ ಒಬ್ಬ ಸೈನಿಕ ಕಾಲಿನಿಂದ ಒದ್ದು ನಕ್ಕು ಹೋದ. ಆ ಒದೆತದಿಂದಲೇ ನಾವು ಬದುಕಿದೆವು ಅನ್ನಬೇಕು.

ನನ್ನ ರೂಮಿನಲ್ಲಿದ್ದವನು ಸದಾನಂದ. ನಮ್ಮ ಮೂಲ್ಕಿ ಕಡೆಯವನೇ, ಕುವೈತ್ ಪೇಟೆಯ ಮಿರ್ಕಾಬ್ ಎಂಬ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತ. ಮಹಾ ಪುಕ್ಕಲ, ಆದರೆ ಬಂಗಾರದಂಥ ಮನುಷ್ಯ. ಬಸ್ರಾ, ಬಗ್ದಾದಿನ ಮೇಲೆ ಜೋರ್ಡಾನಿಗೆ ಹೋದರೆ ಅಲ್ಲಿಂದ ವಿಮಾನ ಸಿಗುತ್ತದೆ ಎಂಬ ಸುದ್ದಿ ತಂದವನು ಅವನೇ. ಆದರೆ ಹೋಗುವುದು ಹೇಗೆ? ಬಸ್ಸಿನವರು ಬಾಯಿಗೆ ಬಂದದ್ದು ಕೇಳುತ್ತಿದ್ದರು. "ಈ ಟ್ರಕ್ಕು ಎಬ್ಬಿಸಲಿಕ್ಕಾಗ್ತದಾ ಮಾರಾಯಾ?" ಎಂದು ಸದಾನಂದ ಕೇಳಿದ. "ಹೆಣ ಎಬ್ಬಿಸಲಿಕ್ಕೆ ಹೇಳು, ಅದು ಸುಲಭ" ಎಂದು ರೇಗಿದೆ. ಆದರೂ ಮರುದಿನವೇ ಕೈ ಹಾಕಿದೆ. ಜೊತೆಗೆ ನಮ್ಮ ಗ್ಯಾರೇಜಿನ ಗುಲ್ ಭಾಯಿ ಇದ್ದ. ಪೇಶಾವರದ ಪಠಾಣ. ಇಂಜಿನು ಬಿಚ್ಚಿ ಜೋಡಿಸಿದೆವು. ಆದರೆ ಡೀಸೆಲ್ ಪಂಪು ಸತ್ತಿತ್ತು, ರೇಡಿಯೇಟರ್ ಜರಡಿಯಾಗಿತ್ತು, ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಶಾಫ್ಟು ಇರಲೇ ಇಲ್ಲ. ಅಂಗಡಿಗಳೆಲ್ಲ ಲೂಟಿಯಾಗಿದ್ದವು. ಬಿಡಿಭಾಗ ಎಲ್ಲಿಂದ ತರುವುದು?

ಮೀನಾ ಅಬ್ದುಲ್ಲಾದ ರಿಫೈನರಿ ಹತ್ತಿರ ಅದೇ ಜಾತಿಯ ಒಂದು ಟ್ರಕ್ಕು ರಸ್ತೆ ಬದಿ ನಿಂತಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆವು. ಇಂಜಿನಿಗೆ ಏನೂ ಆಗಿರಲಿಲ್ಲ. ಕ್ಯಾಬಿನ್ನಿಗೆ ಮಾತ್ರ ಸಾಲಾಗಿ ಗುಂಡು ಹೊಕ್ಕಿತ್ತು, ಸ್ಟಿಯರಿಂಗಿನ ಕಂಬವೇ ತುಂಡಾಗಿದ್ದರಿಂದ ಅದನ್ನೇ ಓಡಿಸಿಕೊಂಡು ಹೋಗುವಂತಿರಲಿಲ್ಲ. ಸೀಟು ನೋಡಿದ ಮೇಲೆ ಏನು ನಡೆದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹತ್ತಿರದ ಲೇಬರ್ ಕ್ಯಾಂಪಿನವರು ಬಂದು ತೋರಿಸಿದರು: ಡ್ರೈವರನ್ನು ಅವರೇ ಬೇಲಿಯ ಬದಿಗೆ ಮಣ್ಣು ಮಾಡಿದ್ದರು, ಗುರುತಿಗೆ ತಲೆಯ ಹತ್ತಿರ ಒಂದು ಟಯರ್ ಇಟ್ಟಿದ್ದರು. ಕಾಗದಪತ್ರವೆಲ್ಲ ಸೈನಿಕರು ಒಯ್ದಿದ್ದರಿಂದ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗುಲ್ ಭಾಯಿ ಅಂಗೈ ಮೇಲೆತ್ತಿ ನಿಂತು ಏನೋ ಪ್ರಾರ್ಥನೆ ಓದಿದ. ನಾನು ಸ್ಪ್ಯಾನರ್ ಹಿಡಿದು, "ಚಲೋ ಭಾಯಿ, ಬಿಸಿಲೇರ್ತಾ ಉಂಟು" ಎಂದೆ. ಅಂಥ ಒರಟ ನಾನು.

ಪಂಪು, ರೇಡಿಯೇಟರ್, ಶಾಫ್ಟು ಮೂರೂ ಬಿಚ್ಚಿದ್ದಾಯಿತು. ಹೊರಡುವಾಗ ಡ್ರೈವರನ ಬಾಗಿಲಿನ ಪಕ್ಕ ನನ್ನ ಕಣ್ಣು ಬಿತ್ತು. ಅಲ್ಲಿ ಒಂದು ಹಿತ್ತಾಳೆಯ ಹಾರ್ನ್ ಇತ್ತು. ಹಿಂದೆ ನಮ್ಮ ಊರಿನ ಬಸ್ಸುಗಳಲ್ಲಿ ಇರುತ್ತಿತ್ತಲ್ಲ, ತುತ್ತೂರಿಯಂಥದ್ದು, ಹಿಂದುಗಡೆ ರಬ್ಬರಿನ ಚೆಂಡು, ಅದನ್ನು ಹಿಸುಕಿದರೆ ಪೋಂ ಎನ್ನುವುದು. ಅದೇ! ಕುವೈತಿನ ಮರಳುಗಾಡಿನಲ್ಲಿ ಉಡುಪಿ ಬಸ್ಸಿನ ಹಾರ್ನ್! ಇದನ್ನು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿ ತರುವ ಹುಚ್ಚು ನಮ್ಮವರಿಗಲ್ಲದೆ ಇನ್ಯಾರಿಗೆ ಇರಲು ಸಾಧ್ಯ? ಸತ್ತವನು ನಮ್ಮ ಕಡೆಯವನು ಎಂದು ಆಗಲೇ ಗೊತ್ತಾದದ್ದು. ಇವನಿಗಾಗಿ ಯಾರೋ ಎಲ್ಲೋ ಕಾಯುತ್ತಿರಬಹುದು, ಅವರಿಗೆ ಹೇಳುವವರು ಯಾರು? ಗುಂಡು ತಾಗಿ ರಬ್ಬರಿನ ಚೆಂಡು ಚಿಂದಿಯಾಗಿತ್ತು. ಉಳಿದದ್ದನ್ನು ಚಾಕುವಿನಿಂದ ಕೊಯ್ದು ಬಿಸಾಡಿ, ಬರೀ ಹಿತ್ತಾಳೆಯ ಕೊಳವೆಯನ್ನು ತಂದೆ. ನಮ್ಮ ಟ್ರಕ್ಕಿನ ಬಾಗಿಲ ಪಕ್ಕ ಕೂರಿಸಿ, ಒಳಗೆ ಮರಳು ಹೋಗದಿರಲಿ ಎಂದು ಹಿಂದಿನ ತೂತಿಗೆ ಕೈ ಒರೆಸುವ ಹತ್ತಿಬಟ್ಟೆಯನ್ನು ಗಟ್ಟಿಯಾಗಿ ತುರುಕಿದೆ. ಇದನ್ನು ನೆನಪಿಟ್ಟುಕೊಳ್ಳಿ. ಊದಲು ರಬ್ಬರಿಲ್ಲ, ಗಾಳಿ ಹೋಗಲು ತೂತೂ ಇಲ್ಲ.

ಗೊತ್ತಿದ್ದವರಲ್ಲೆಲ್ಲ ವಿಚಾರಿಸಿದೆವು. ಹಾರ್ನಿನ ಡ್ರೈವರನನ್ನು ಬಲ್ಲವರು ಯಾರೂ ಸಿಗಲಿಲ್ಲ. ಆಗ ಅರ್ಧ ಜನ ಹೊರಟುಹೋಗಿದ್ದರು, ಉಳಿದರ್ಧ ಬಾಗಿಲು ಹಾಕಿಕೊಂಡು ಕೂತಿದ್ದರು.

ಟ್ರಕ್ಕು ಎದ್ದಿತು. ಹೊರಡುವ ದಿನ ಸದಾನಂದನದ್ದು ಒಂದೇ ವರಾತ: "ಸತ್ತವನ ಸಾಮಾನು ಹಾಕಿದ್ದೇವೆ, ತೆಂಗಿನಕಾಯಿ ಒಡೆಯದೆ ಹೊರಡುವುದು ಬೇಡ." ತೆಂಗಿನಕಾಯಿ ಎಲ್ಲಿಂದ ಬರಬೇಕು? ಲಿಂಬೆಹಣ್ಣೂ ಇಲ್ಲ. ಕೊನೆಗೆ ಅರಬರು ಸಾರಿಗೆ ಹಾಕುವ ಕಪ್ಪಗೆ ಒಣಗಿದ ಲಿಂಬೆಕಾಯಿಗಳನ್ನು ಯಾರದೋ ಅಡುಗೆಮನೆಯಿಂದ ತಂದು ನಾಲ್ಕೂ ಚಕ್ರದ ಅಡಿಗೆ ಇಟ್ಟ. "ನಿನ್ನ ದೈವಕ್ಕೆ ಇವತ್ತು ಅರಬಿ ಊಟ" ಎಂದು ಗೇಲಿ ಮಾಡಿದೆ. ಚಕ್ರ ಹರಿದಾಗ ಅವು ಪಟಪಟ ಒಡೆದವು. ಸದಾನಂದ ಕೈಮುಗಿದ. ನಾನು ನಗುತ್ತಲೇ ಗಾಡಿ ಹತ್ತಿದೆ.

ಮಿರ್ಕಾಬಿನಲ್ಲಿ ಹೋಟೆಲ್ ಕೆಲಸದ ಇಬ್ಬರನ್ನು ಹತ್ತಿಸಿಕೊಂಡು ಬಸ್ರಾ ದಾರಿ ಹಿಡಿಯುವುದು ನಮ್ಮ ಲೆಕ್ಕ. ಅವರನ್ನು ಹತ್ತಿಸಿದ್ದೂ ಆಯಿತು. ದೊಡ್ಡ ರಸ್ತೆಯ ತುದಿಯಲ್ಲಿ ಸೈನಿಕರ ಕಾವಲು ಕಂಡಿತು. ಟ್ರಕ್ಕು ಕಿತ್ತುಕೊಂಡರೆ ನಮ್ಮ ಕತೆ ಮುಗಿದಂತೆ. ಸ್ಟಿಯರಿಂಗಿನಲ್ಲಿದ್ದ ಗುಲ್ ಭಾಯಿ ಎಡಕ್ಕೆ ಒಂದು ಓಣಿಗೆ ತಿರುಗಿಸಿದ. ಓಣಿಯ ನಡುವೆ ಇಂಜಿನು ಕೆಮ್ಮಿ ನಿಂತಿತು. ಇದರಲ್ಲಿ ವಿಚಿತ್ರವೇನೂ ಇಲ್ಲ, ಹೇಳಿಬಿಡುತ್ತೇನೆ. ಪೈಪಿನೊಳಗೆ ಗಾಳಿ ಸೇರಿದರೆ ಡೀಸೆಲ್ ಇಂಜಿನು ನಿಲ್ಲುತ್ತದೆ. ಹಳೇ ವಾಷರ್ ಹಾಕಿ ಪಂಪು ಕೂರಿಸಿದವನು ನಾನೇ.

ಬಾನೆಟ್ ಎತ್ತಿ ಎರಡೂ ಕೈ ಪಂಪಿನ ಮೇಲಿಟ್ಟು ಗಾಳಿ ತೆಗೆಯುತ್ತಿದ್ದೆ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಗಾಳಿ ಎಂಬುದು ಸತ್ತೇಹೋಗಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಆಗ ಹಾರ್ನ್ ಆಯಿತು.

ಪೋಂ ಪೋಂ, ಪೋಂಽಽಽ. ಎರಡು ಗಿಡ್ಡ, ಒಂದು ಉದ್ದ. ಬೆಳಗಿನ ಬಸ್ಸಿನವನು ಗದ್ದೆಯ ಆಚೆಯಿಂದ ಓಡಿ ಬರುವವರಿಗಾಗಿ ಹೊಡೆಯುತ್ತಿದ್ದನಲ್ಲ, ಹಾಗೆ. ಓಣಿಯ ಎರಡೂ ಗೋಡೆ ಗುಂಯ್ ಎಂದವು. ನನ್ನ ಕಿವಿಯಿಂದ ಒಂದು ಮಾರು ದೂರದಲ್ಲಿ.

ನನಗೆ ಮೊದಲು ಬಂದದ್ದು ಸಿಟ್ಟು. "ಯಾವನವನು ಬೇವರ್ಸಿ! ಮಿಲಿಟರಿಯವರನ್ನು ಕರೀತೀಯಾ?" ಎಂದು ಹಲ್ಲು ಕಚ್ಚಿ ಬೈದೆ. ಸದಾನಂದ ಹಿಂದಿನಿಂದ ಕತ್ತು ಚಾಚಿ, "ನಾನಲ್ಲ ಮಾರಾಯಾ, ನಾನು ಇಲ್ಲಿ ಹಿಂದೆ ಇದ್ದೇನಲ್ಲ" ಎಂದ. ಗುಲ್ ಭಾಯಿ ಎರಡೂ ಅಂಗೈಗಳನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸಿದ. "ಮೈನೇ ನಹೀಂ ಬಜಾಯಾ, ಉಸ್ತಾದ್." ಹಾರ್ನ್ ನೋಡಿದೆ. ತುರುಕಿದ ಹತ್ತಿಬಟ್ಟೆ ತುರುಕಿದಲ್ಲೇ ಇತ್ತು. ಕೈ ಹಚ್ಚಿದೆ. ಹಿತ್ತಾಳೆ ಇನ್ನೂ ಸಣ್ಣಗೆ ಕಂಪಿಸುತ್ತಿತ್ತು, ಗಂಟೆ ಹೊಡೆದ ಮೇಲೆ ಕಂಪಿಸುವ ಹಾಗೆ. ದೇವರಾಣೆ, ಸುಳ್ಳಲ್ಲ. ಓಣಿಯ ತುದಿಯಲ್ಲಿ ಇಬ್ಬರು ಸೈನಿಕರು ಬೆನ್ನು ಹಾಕಿ ನಿಂತದ್ದು ಕಾಣುತ್ತಿತ್ತು. ಅವರು ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಮೇಲೆಲ್ಲೋ ಬಾಗಿಲ ಅಗುಳಿ ತೆಗೆದ ಸದ್ದು. ಮೆಟ್ಟಿಲಲ್ಲಿ ಧಡಧಡ ಕಾಲ ಸಪ್ಪಳ. ಒಬ್ಬ ಹೆಂಗಸು, ಕೈಯಲ್ಲಿ ಒಂದು ಬ್ಯಾಗು, ಕಂಕುಳಲ್ಲಿ ಐದಾರು ವರ್ಷದ ಹೆಣ್ಣುಮಗು, ಓಡಿ ಬಂದವಳೇ ಸೀದಾ ಡ್ರೈವರನ ಬಾಗಿಲಿಗೆ ಬಂದಳು. ಮುಖದಲ್ಲಿ ಎಂಥಾ ನಗು! ಮೇಲೆ ನೋಡಿದರೆ ಪಠಾಣನ ಗಡ್ಡ. ಆ ನಗು ಹೇಗೆ ಆರಿಹೋಯಿತು ಎಂಬುದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವಳು ಹಾರ್ನ್ ನೋಡಿದಳು. ಅದರ ಮೇಲೆ ಕೈಯಿಟ್ಟಳು.

"ಇದು ನಮ್ಮದು" ಎಂದಳು ಕನ್ನಡದಲ್ಲೇ. "ಅವರೆಲ್ಲಿ?"

"ಮೊದಲು ಹತ್ತಿ ಅಕ್ಕ, ಆಮೇಲೆ ಹೇಳ್ತೇನೆ" ಎಂದಷ್ಟೇ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಮಗುವನ್ನು ಸದಾನಂದನ ಕೈಗೆ ಎತ್ತಿ ಕೊಟ್ಟು ಹತ್ತಿದಳು. ನಾನು ಪಂಪಿನ ಸ್ಕ್ರೂ ಬಿಗಿ ಮಾಡಿದೆ, ಗುಲ್ ಭಾಯಿ ಕೀಲಿ ತಿರುಗಿಸಿದ, ಇಂಜಿನು ಒಂದೇ ಸಲಕ್ಕೆ ಹಿಡಿಯಿತು.

ಅವಳ ಹೆಸರು ಹಿಲ್ಡಾ. ಕಿನ್ನಿಗೋಳಿ ಕಡೆಯ ಕೊಂಕಣಿಯವರು. ಗಂಡ ಲಾರೆನ್ಸ್ ಊರಲ್ಲಿ ಬಸ್ ಡ್ರೈವರ್ ಆಗಿದ್ದವನು, ಬರುವಾಗ ತನ್ನ ಹಾರ್ನನ್ನೂ ಕಟ್ಟಿಕೊಂಡು ಬಂದಿದ್ದ. ಗಲಾಟೆ ಸುರುವಾದ ಮೇಲೆ ಡೀಸೆಲ್ ತುಂಬಿಸಿಕೊಂಡು ಬರುತ್ತೇನೆಂದು ಮೀನಾ ಅಬ್ದುಲ್ಲಾ ಕಡೆ ಹೋದವನು ಹೆಂಡತಿಗೆ ಹೇಳಿದ್ದನಂತೆ: "ಯಾರು ಬಡಿದರೂ ಬಾಗಿಲು ತೆಗೀಬೇಡ. ನಾನು ಮೇಲೆ ಹತ್ತಿ ಬರುವುದಿಲ್ಲ. ಕೆಳಗಿಂದ ಹಾರ್ನ್ ಹೊಡೀತೇನೆ, ಕೂಡಲೇ ಇಳಿದು ಬಾ." ಅವಳು ಹಾಗೇ ಮಾಡಿದ್ದಳು. ಇಗರ್ಜಿಯ ಪರಿಚಯದವರು ಕರೆದುಕೊಂಡು ಹೋಗಲು ಬಂದು ಬಾಗಿಲು ಬಡಿದು ಬಡಿದು ಹೋಗಿದ್ದರು. ಅವಳು ಮಗುವಿನ ಬಾಯಿ ಮುಚ್ಚಿ ಕೂತಿದ್ದಳೇ ಹೊರತು ತೆಗೆದಿರಲಿಲ್ಲ. ಮನೆಯಲ್ಲಿ ನೀರೂ ಮುಗಿಯುತ್ತಾ ಬಂದಿತ್ತು. ಜಗತ್ತಿನಲ್ಲಿ ಬೇರೆ ಯಾವ ಸದ್ದಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ.

ಬಸ್ರಾ ದಾಟಿದ ಮೇಲೆ ಇಂಜಿನು ತಣಿಯಲಿ ಎಂದು ನಿಲ್ಲಿಸಿದಾಗ, ಟ್ರಕ್ಕಿನ ನೆರಳಲ್ಲಿ ಕೂತು ಹೇಳಿದೆ. ಬೇಲಿಯ ಬದಿಯ ಮಣ್ಣು, ಗುರುತಿಗೆ ಇಟ್ಟ ಟಯರ್, ಗುಲ್ ಭಾಯಿ ಓದಿದ ಪ್ರಾರ್ಥನೆ, ಎಲ್ಲ. ಹಿಲ್ಡಾ ಮಗುವನ್ನು ಅಪ್ಪಿಕೊಂಡು ಬಹಳ ಹೊತ್ತು ಅತ್ತಳು. ಸದಾನಂದನೂ ಅತ್ತ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿ, "ಕೆಳಗೆ ಬಂದು ನೋಡಿದಾಗಲೇ ಗೊತ್ತಾಯ್ತು. ಅದನ್ನು ಅವರು ಇನ್ನೊಬ್ಬರ ಕೈಗೆ ಕೊಡುವವರಲ್ಲ" ಎಂದಳು. ಯಾರು ಹಾರ್ನ್ ಹೊಡೆದದ್ದು ಎಂದು ಅವಳು ಕೇಳಲಿಲ್ಲ. ಕೇಳುತ್ತಾಳೇನೋ ಎಂದು ನಾನು ಹೆದರಿದ್ದೆ.

ಜೋರ್ಡಾನಿನ ಕ್ಯಾಂಪಿನಲ್ಲಿ ಟ್ರಕ್ಕು ಬಿಟ್ಟೆವು. ಹಾರ್ನನ್ನು ಬಿಚ್ಚಿ, ಬಟ್ಟೆ ಕಿತ್ತು, ಬಾಯಿಟ್ಟು ಊದಿ ನೋಡಿದೆ. ಮುದಿ ಎಮ್ಮೆ ಕೂಗಿದಂತೆ ಒಂದು ಸ್ವರ ಹೊರಟಿತು. ಬಟ್ಟೆ ತುರುಕಿ ಊದಿದೆ. ಕಣ್ಣು ಮೇಲೆ ಬಂತೇ ಹೊರತು ಸದ್ದು ಬರಲಿಲ್ಲ. ಗಾಳಿಗೆ ಹಿಡಿದೆ, ಬಿಸಿಲಿಗಿಟ್ಟೆ, ತಟ್ಟಿ ನೋಡಿದೆ. ಹುಚ್ಚನ ಹಾಗೆ ಒಂದು ದಿನವಿಡೀ ಅದೇ ಕೆಲಸ. ಕೊನೆಗೆ ಹಿಲ್ಡಾಳ ಕೈಗೆ ಕೊಟ್ಟೆ. ಆ ದಿನದಿಂದ ಈ ದಿನದವರೆಗೆ ನನ್ನ ಮೆಕ್ಯಾನಿಕ್ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದೇನೆ. ನಮಗೆ ಭ್ರಮೆ ಅನ್ನೋಣವೇ? ಮೂರನೇ ಮಹಡಿಯ ಬಾಗಿಲೊಳಗಿದ್ದವಳಿಗೂ ಅದೇ ಭ್ರಮೆಯೇ? ನನಗೆ ತಿಳಿಯದು. ಇಷ್ಟು ಸಲೀಸಾಗಿ ಈ ಮಾತು ನನ್ನ ಬಾಯಿಂದ ಬೇರೆ ಯಾವ ವಿಷಯದಲ್ಲೂ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ ಕಿನ್ನಿಗೋಳಿಗೆ ಹೋಗಿದ್ದೆ. ಹಿಲ್ಡಾಳ ಮನೆಯ ಜಗಲಿಯಲ್ಲಿ ಹಾರ್ನನ್ನು ಕಂಬಕ್ಕೆ ಬಿಗಿದಿದ್ದರು. ಮಗಳು ಮಂಗಳೂರಿನಿಂದ ಹೊಸ ರಬ್ಬರ್ ಚೆಂಡು ತಂದು ಹಾಕಿದ್ದಳು. "ಒತ್ತಿ ನೋಡಿ ಅಂಕಲ್" ಎಂದಳು. ಕೈ ಹಿಂಜರಿಯಿತು. ಆದರೂ ಒತ್ತಿದೆ, ಎರಡು ಗಿಡ್ಡ, ಒಂದು ಉದ್ದ.

"ಬಂದೆ, ಬಂದೆ!" ಎಂದು ಒಳಗಿನಿಂದ ಕೊಂಕಣಿಯಲ್ಲಿ ಕೂಗು ಕೇಳಿತು. ಹಿಲ್ಡಾ ಒದ್ದೆ ಕೈಯಲ್ಲೇ ಓಡಿ ಬಾಗಿಲಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಹಾರ್ನಿನ ಮೇಲಿದ್ದ ನನ್ನ ಕೈ ನೋಡಿದಳು, ನಾಚಿಕೊಂಡು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಆ ದಿನ ಇದಕ್ಕಿಂತ ಜೋರಾಗಿತ್ತು, ಅಲ್ವಾ?" ಎಂದಳು.

"ಹೌದಕ್ಕ" ಎಂದೆ. "ಇದಕ್ಕಿಂತ ಬಹಳ ಜೋರಾಗಿತ್ತು."