ಎಡದವಡೆಯ ಗುಟ್ಟು

ಬಿಂಡಿಗನವಿಲೆ ಆಸ್ಪತ್ರೆಯ ಆಯಾ ಅಣ್ಣಮ್ಮ ಇಪ್ಪತ್ತು ವರ್ಷದಿಂದ ಊರ ಹೆಂಗಸರಿಗೆಲ್ಲ ಹೊಗೆಸೊಪ್ಪು ಬಿಡಿ ಎಂದು ಬುದ್ಧಿ ಹೇಳುತ್ತಿದ್ದಳು. ಹೇಳುವಾಗ ಮುಖ ತುಸು ವಾರೆ ಮಾಡುತ್ತಿದ್ದಳು, ಏಕೆಂದರೆ ಎಡದವಡೆಯಲ್ಲಿ ಹೊಗೆಸೊಪ್ಪು ಇರುತ್ತಿತ್ತು. ಈ ಜಾಣತನ ಯಾರಿಗೂ ಗೊತ್ತಿಲ್ಲ ಎಂದೇ ಅವಳ ನಂಬಿಕೆ.

೧೯೯೭ರ ಬೇಸಿಗೆಯಲ್ಲಿ ಮೈಸೂರಿನಿಂದ ಡಾಕ್ಟರ್ ರಂಜನಿ ಜೀಪಿನಲ್ಲಿ ಬಂದರು. ಬಾಯಿ, ಗಂಟಲಿನ ಕ್ಯಾನ್ಸರ್ ಬಂದವರ ರಕ್ತವನ್ನೂ ಬಾರದವರ ರಕ್ತವನ್ನೂ ಹೋಲಿಸಿ ನೋಡುವ ಕೆಲಸ ಅವರದು. ಹೊಗೆಸೊಪ್ಪಿನ ವಿಷವನ್ನು ಮುರಿದು ಹೊರಹಾಕುವ ಕಿಣ್ವಗಳು ಮೈಯಲ್ಲಿರುತ್ತವಂತೆ. ಅವುಗಳಲ್ಲೊಂದು ಕೆಲವರಿಗೆ ಹುಟ್ಟಿನಿಂದಲೇ ಇಲ್ಲವಂತೆ. ಇದನ್ನು ಹೆಂಗಸರಿಗೆ ತಿಳಿಸಿ ಹೇಳುವ ಕೆಲಸ ಅಣ್ಣಮ್ಮನ ಪಾಲಿಗೆ ಬಂತು.

"ನೋಡ್ರಮ್ಮ, ಮುಸುರೆ ತಿಕ್ಕೋರು ನಮ್ಮ ಮೈಯೊಳ್ಗೂ ಅವ್ರೆ. ಕೆಲವ್ರಿಗೆ ಒಬ್ಳು ಕಮ್ಮಿ. ಅಂತೋರು ಹೊಗೆಸೊಪ್ಪು ಆಕ್ಕಂಡ್ರೆ ಮುಸುರೆ ಅಂಗೇ ಉಳ್ಕತದೆ."

ಡಾಕ್ಟರಮ್ಮ ಮೆಚ್ಚಿ ತಲೆದೂಗಿದರು. ಅಣ್ಣಮ್ಮ ಒಂದು ಗೇಣು ಎತ್ತರವಾದಳು.

"ನಿಂಗೆ ಎಷ್ಟು ಜನ ಅವ್ರೆ ಅಕ್ಕಾ?" ಎಂದು ಕುಳ್ಳಮ್ಮ ಕೇಳಿದಳು. ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ಯಾಕೆ ನಕ್ಕರೋ ಅಣ್ಣಮ್ಮನಿಗೆ ತಿಳಿಯಲಿಲ್ಲ.

ಸಂಜೆ ನೋಡಿದರೆ, ಕ್ಯಾನ್ಸರ್ ಇಲ್ಲದವರ ಪಟ್ಟಿಗೆ ಐವತ್ತು ದಾಟಿದ ಹೆಂಗಸೊಬ್ಬಳು ಕಮ್ಮಿ. ಅಣ್ಣಮ್ಮ ತೋಳು ಚಾಚಿ ಕೂತಳು.

"ಹೊಗೆಸೊಪ್ಪು ಹಾಕ್ತೀರಾ?"

"ರಾಮ ರಾಮ! ಮೂಸೂ ನೋಡಿಲ್ಲ."

ಡಾಕ್ಟರಮ್ಮ 'ಇಲ್ಲ' ಎಂದು ಬರೆದುಕೊಂಡರು.

ಮನೆಯ ದಾರಿಯಲ್ಲಿ ಅವಳಿಗೆ ಯೋಚನೆ ಹತ್ತಿತು. ಕೊಟ್ಟ ರಕ್ತ ನಿಜ, ಬರೆಸಿದ ಮಾತು ಸುಳ್ಳು. ತನ್ನ ದೊಡ್ಡಸ್ತಿಕೆಯಿಂದ ಡಾಕ್ಟರಮ್ಮನ ಲೆಕ್ಕವೇ ಕೆಟ್ಟರೆ? ಜೀಪು ಶಿವಣ್ಣನ ಟೀ ಅಂಗಡಿ ಮುಂದೆ ನಿಂತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

"ಡಾಕ್ಟರಮ್ಮ, ಇಲ್ಲ ಅಂತ ಬರ್ದಿದ್ದಕ್ಕೆ ಗೀಟಾಕ್ಬುಡಿ. ಮದ್ವೆಗಿಂತ ಮುಂಚಿಂದ್ಲೂ ಆಕ್ಕತೀನಿ. ಯಾರ್ಗೂ ಯೋಳ್ಬೇಡಿ."

"ಅದು ಊರಿಗೇ ಗೊತ್ತಲ್ಲಕ್ಕ!" ಎಂದ ಶಿವಣ್ಣ, ಟೀ ಸೋಸುತ್ತ.

ಎಲ್ಲರೂ ನಕ್ಕರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅಲ್ಲೇ ಟಾರ್ಚು ಹಿಡಿದು ಬಾಯಿ ತೆರೆಸಿದರು. ಎಡದವಡೆಯೊಳಗೆ ಎಂಟಾಣೆ ಅಗಲದ ಬಿಳಿ ಮಚ್ಚೆ.

ಮೈಸೂರಿನ ಆಸ್ಪತ್ರೆಯಲ್ಲಿ ಮಚ್ಚೆಯ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಆಗಿರಲಿಲ್ಲ, ಹೊಗೆಸೊಪ್ಪು ಬಿಡದಿದ್ದರೆ ಆಗಬಹುದಿತ್ತು. ಕೆಲವು ತಿಂಗಳಾದ ಮೇಲೆ ರಕ್ತದ ವಿಷಯವೂ ತಿಳಿಯಿತು. ಆ ಕಿಣ್ವ ಇಲ್ಲದವರ ಸಾಲಿನಲ್ಲಿ ಅಣ್ಣಮ್ಮನೂ ಇದ್ದಳು.

"ಊರ್ಗೆಲ್ಲ ಮುಸುರೆ ಕತೆ ಯೋಳಿದ್ನಲ್ಲವ್ವ, ನನ್ ಮನೇಲೇ ಆಳಿಲ್ಲ!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಇಲ್ಲದೋರು ಬೇಕಾದಷ್ಟು ಜನ ಇದ್ದಾರೆ, ಹೆದರಬೇಡಿ. ನೀವು ಹೊಗೆಸೊಪ್ಪು ಬಿಡಿ," ಎಂದರು ಡಾಕ್ಟರಮ್ಮ.

ಹೇಳಿದಷ್ಟು ಸಲೀಸಾಗಿರಲಿಲ್ಲ ಬಿಡುವುದು. ಮೊದಲ ದಿನವೇ ಎಲೆಯಡಿಕೆ ಚೀಲವನ್ನು ತಿಪ್ಪೆಗೆ ಎಸೆದಳು. ಮೂರನೇ ದಿನ ಕೋಳಿಗಳ ಜೊತೆ ತಿಪ್ಪೆ ಕೆದಕುತ್ತ ಸೊಸೆಯ ಕೈಗೆ ಸಿಕ್ಕಿಬಿದ್ದಳು. ಲವಂಗ ಕಡಿದಳು, ಸೊಸೆಯ ಮೇಲೆ ಹಾರಾಡಿದಳು, ಎರಡು ಸಲ ಸೋತು ಮತ್ತೆ ಬಿಟ್ಟಳು.

ಮುಂದಿನ ಬೇಸಿಗೆಯ ಹೊತ್ತಿಗೆ ಮಚ್ಚೆ ಮಾಸಿತ್ತು. ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಮೈಸೂರಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೇಳದಿದ್ದರೂ ಬಾಯಿ ತೆರೆದು ತೋರಿಸುತ್ತಾಳೆ.