ಕಳೆಯೆಂದು ಕಿತ್ತ ಜೇಕು

ಇವತ್ತು ಬೆಳಿಗ್ಗೆ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಎಸಿ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಮಾಲಿ ಹುಲ್ಲು ಕೀಳುತ್ತಿದ್ದ. ಬೇರಿನಿಂದ ಕರ್ಪೂರ ಬೆರೆತ ಮಣ್ಣಿನಂಥ ವಾಸನೆ ಬಂತು. ಒಂದು ದಂಟು ಎತ್ತಿಕೊಂಡು ಬೆರಳ ನಡುವೆ ಹೊರಳಿಸಿದೆ. ಮೂರು ಅಂಚು ತಾಕಿದವು. ಜೇಕು. ನೀವೂ ಕೆರೆಯ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ ಕಂಡಿರುತ್ತೀರಿ, ಹುಲ್ಲೆಂದುಕೊಂಡು ಮುಂದೆ ಹೋಗಿರುತ್ತೀರಿ. ನಾನೂ ಹಾಗೆಯೇ ಮುಂದೆ ಹೋಗಿದ್ದರೆ ಒಳ್ಳೆಯದಿತ್ತು.

ಆಗ ನಾನು ವಡೋದರಾದ ಮಂಜಲ್‌ಪುರದಲ್ಲಿ, ಗದಗಿನ ಕಡೆಯ ನಿರ್ಮಲಾಬಾಯಿಯವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ಕಾಕು ಎನ್ನುತ್ತಿದ್ದೆ, ಅವರ ಗಂಡನನ್ನು ಕಾಕಾ. ಕಾಕಾ ಸರ್ಕಾರಿ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ದಿನಪತ್ರಿಕೆ ಮುಗಿಯುವವರೆಗೆ ಮಾತಾಡುತ್ತಿರಲಿಲ್ಲ, ಮುಗಿದ ಮೇಲೂ ಹೆಚ್ಚೇನಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೀರು ಇಳಿದು ಸದಾ ತೇವವಾಗಿರುವ ಒಂದು ಮೂಲೆ. ಅಲ್ಲಿ ಕಾಕುವಿನ ಗುಲಾಬಿ ಕೊಳೆಯಿತು, ಲಾನ್ ಹಳದಿಯಾಯಿತು. ಕೊನೆಗೆ ಜೇಕು ನೆಟ್ಟರು.

"ಈ ನೆಲಾ ಬ್ಯಾಡಂದದ್ದನ್ನ ಹಚ್ಚಿ ಹಚ್ಚಿ ಸಾಕಾತು," ಎಂದಿದ್ದರು. "ಬೇಕಂದದ್ದನ್ನ ಹಚ್ಚಿ ನೋಡೂಣು."

ಊರಾಚೆ ಒಂದು ಕೆರೆಗೆ ಮಣ್ಣು ತುಂಬುತ್ತಾರೆಂದು ತಿಳಿದು, ಕಾಕಾನ ಸ್ಕೂಟರಿನ ಹಿಂದೆ ಬಕೆಟ್ ಹಿಡಿದು ಕೂತು ಹೋಗಿ ತಂದ ನಾಲ್ಕು ಬಗೆ ಅವು. ಒಂದು ಸೊಂಟದೆತ್ತರ. ಎರಡು ಮೊಣಕಾಲುದ್ದ, ತಲೆಯ ಮೇಲೆ ಕಂದು ಛತ್ರಿ. ನಾಲ್ಕನೆಯದು ಗೇಣಿಗಿಂತ ಗಿಡ್ಡ, ಅಂಗಿಯ ಬಿಳಿ ಗುಂಡಿಯಂಥ ಹೂ. ಬೇರು ಸಮೇತ ಬಿಡಿಸಿ ಒಂದೊಂದು ಗೇಣು ಬಿಟ್ಟು ನೆಟ್ಟರು. ಗೊಬ್ಬರ ಹಾಕಲಿಲ್ಲ. ಮಣ್ಣು ಒಣಗಬಾರದು, ಮಳೆಗಾಲಕ್ಕೆ ಮುಂಚೆ ಒಮ್ಮೆ ಮೇಲೆ ಕತ್ತರಿಸಬೇಕು, ಅಷ್ಟೇ ಆರೈಕೆ. ಎರಡು ವರ್ಷದಲ್ಲಿ ಆ ಕೆಸರುಮೂಲೆ ತುಂಬಿಕೊಂಡಿತು. ಬೆಳಿಗ್ಗೆ ಚಹಾ ಹಿಡಿದು ಕಾಕು ಅದರ ಮುಂದೆಯೇ ಕೂರುತ್ತಿದ್ದರು. ಅದರಲ್ಲಿ ನೋಡುವುದೇನಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ಮಗಳ ಹೆರಿಗೆಗೆಂದು ಇಬ್ಬರೂ ಒಂದು ತಿಂಗಳು ಹುಬ್ಬಳ್ಳಿಗೆ ಹೋದರು. "ಹಿತ್ತಲಾ ನೋಡ್ಕೊಳಪಾ," ಎಂದು ಕೀಲಿ ಕೊಟ್ಟರು. ಅವರ ಕೈಯ ರೊಟ್ಟಿ ಎಷ್ಟೋ ತಿಂದಿದ್ದೆ. ನೀರು ಹಾಕಿದರೆ ಸಾಲದು, ಇನ್ನೇನಾದರೂ ಮಾಡಬೇಕೆನಿಸಿತು. ಒಂದು ಭಾನುವಾರ ಕುಕ್ಕರಗಾಲಲ್ಲಿ ಕೂತು, ಎತ್ತರದ ಜೇಕನ್ನು ಬಿಟ್ಟು, ನಡುವೆ ಹರಡಿದ್ದ ಗಿಡ್ಡ ಕಳೆಯನ್ನು ಗಡ್ಡೆ ಸಮೇತ ಕಿತ್ತೆ. ಕೈಯೆಲ್ಲ ಘಮಘಮ. ಕಳೆಗೆ ಇಂಥ ಪರಿಮಳವೇ ಎಂದು ಆಶ್ಚರ್ಯಪಟ್ಟೆ. ಅಲ್ಲಿಗೇ ನಿಲ್ಲಿಸುವ ಬುದ್ಧಿ ಬರಲಿಲ್ಲ. ಎಲ್ಲವನ್ನೂ ಕಸದ ಗಾಡಿಗೆ ಹಾಕಿದೆ.

ಕಾಕು ಬಂದವರೇ ಹಿತ್ತಲಿಗೆ ಹೋದರು. ನಾನು ಹೊಗಳಿಕೆಗಾಗಿ ಹಿಂದೆಯೇ ಹೋದೆ.

"ಇಲ್ಲಿ ಸಣ್ಣದಿತ್ತಲ್ಲ, ಬಿಳಿ ಹೂವಿಂದು?"

"ಕಳೆ ಅಂತ ಕಿತ್ತೆ, ಕಾಕು."

"ಎಲ್ಲಿ ಒಗದಿ?"

"ಕಸದ ಗಾಡಿಗೆ."

ಅವರು ಬಗ್ಗಿ ಬರಿದಾದ ನೆಲದ ಮೇಲೆ ಕೈಯಾಡಿಸಿದರು. ಆಮೇಲೆ ಕೇಳಿದರು: "ಊಟಾ ಆತೇನು?"

ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮರುದಿನ ರಜೆ ಹಾಕಿ ಕಾಕಾನಿಂದ ದಾರಿ ಕೇಳಿಕೊಂಡು ಆ ಕೆರೆ ಹುಡುಕಿ ಹೋದೆ. ಕಾಂಪೌಂಡ್ ಗೋಡೆ ಎದ್ದಿತ್ತು. "ತಾಲಾಬ್? ಮೈ ತೋ ಅಭೀ ಆಯಾ ಹೂಂ," ಎಂದ ಕಾವಲುಗಾರ; ಈಗಷ್ಟೇ ಬಂದ ಅವನಿಗೆ ಕೆರೆಯ ಸುದ್ದಿಯೇ ಗೊತ್ತಿರಲಿಲ್ಲ. ಎಷ್ಟೋ ಭಾನುವಾರ ಕಾಲುವೆಯಂಚುಗಳಲ್ಲಿ ಬಗ್ಗಿ ನಡೆದೆ. ಕೊನೆಗೊಮ್ಮೆ ಹೆದ್ದಾರಿ ಬದಿಯ ಚಹಾದಂಗಡಿಯ ನಲ್ಲಿಯ ಬುಡದಲ್ಲಿ ಬಿಳಿ ಗುಂಡಿಗಳು ಕಂಡವು. ಅಂಗಡಿಯ ಹೆಂಗಸು ನಕ್ಕಳು. "ಆ ತೋ ಘಾಸ್ ಛೇ, ಭಾಯ್. ಲಯ್ ಜಾವ್." ಬರೀ ಹುಲ್ಲು, ಒಯ್ಯಿ ಎಂದಳೆಂದು ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಂಡು ತಂದೆ.

ಕಾಕು ಕನ್ನಡಕ ಹಾಕಿಕೊಂಡು ನೋಡಿದರು, ಬೇರು ಮುರಿದು ಮೂಸಿದರು.

"ಇದು ಅದಲ್ಲ," ಎಂದರು. ನನ್ನ ಮುಖ ನೋಡಿದರೋ ಏನೋ, ಸಣ್ಣ ಗುದ್ದಲಿ ತರಲು ಒಳಗೆ ಹೊರಟರು. "ಇರ್ಲಿ ಬಿಡು. ಇದಕ್ಕೂ ಒಂದು ಜಾಗಾ ಬೇಕಲ್ಲ."

ಆ ಬರಿ ನೆಲದಲ್ಲೇ ಅದನ್ನು ನೆಟ್ಟರು, ಚೆನ್ನಾಗಿಯೇ ಹಬ್ಬಿತು. ಕಿತ್ತದ್ದು ಮಾತ್ರ ಮತ್ತೆ ಬರಲಿಲ್ಲ. ಅದರ ಹೆಸರೇನೆಂದು ನಾನು ಕೇಳಲೂ ಇಲ್ಲ. ಕಾಕುವಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕಳೆದ ಚಳಿಗಾಲದಲ್ಲಿ ಮಂಜಲ್‌ಪುರಕ್ಕೆ ಹೋದಾಗ ಅವರು ಉಳಿದ ಬಗೆಗಳಿಂದ ಒಂದೊಂದು ಹಿಡಿ ಬೇರು ಬಿಡಿಸಿಕೊಟ್ಟರು. ಈಗ ಅವು ನಮ್ಮ ಬಾಲ್ಕನಿಯಲ್ಲಿ, ತೂತಿಲ್ಲದ ಹಳೆಯ ಟಬ್ಬಿನಲ್ಲಿವೆ.

ಇವತ್ತು ಮಾಲಿ ಕಿತ್ತ ಆ ದಂಟನ್ನು ಹಿಡಿದೇ ಮೇಲೆ ಬಂದೆ. ಹೆಂಡತಿ ಟಬ್ಬಿನ ಮುಂದೆ ಬಗ್ಗಿ ನಿಂತಿದ್ದಳು.

"ಇಲ್ಲೊಂದು ಏನೋ ಬೇರೆ ಹುಟ್ಟೇದ. ಕಳೆ ಕಾಣ್ತದ. ಕೀಳ್ಲೇನು?"

ನೋಡಿದೆ. ಎರಡೇ ಎಲೆ. ಏನೆಂದು ನನಗೂ ತಿಳಿಯಲಿಲ್ಲ.

"ಹೂ ಬಿಡೋತನಕ ಇರ್ಲಿ," ಎಂದೆ.