ಅಪ್ಪ ನಿಲ್ಲಿಸಿದ ಕಂಬ, ನಾನು ಬಿಚ್ಚಿದ ಮನೆ

ನನ್ನ ಮೊಮ್ಮಗಳ ನೌಕರಿ ಕಾಯಂ ಆಯಿತು! ಇವತ್ತು ಮುಂಜಾನೆ ಫೋನ್ ಬಂತು. ಕೈಯಲ್ಲಿದ್ದ ಉಳಿ ಕೆಳಗಿಟ್ಟು ಬರಿಗಾಲಲ್ಲೇ ಲಕ್ಷ್ಮೇಶ್ವರದ ಪೇಟೆಗೆ ಓಡಿದೆ. ಕಾಳಿನ ಅಂಗಡಿಯವರಿಗೆ ಹೇಳಿದೆ, ಹಮಾಲರಿಗೆ ಹೇಳಿದೆ, ಗುರುತಿಲ್ಲದ ಒಬ್ಬ ಬಸ್ಸಿನ ಕಂಡಕ್ಟರನಿಗೂ ಹೇಳಿ ಕೈಯಲ್ಲಿ ಪೇಢೆ ಇಟ್ಟೆ. ಮನೆಗೆ ಬಂದರೆ ಹೆಂಡತಿ, "ಚಪ್ಪಲಿ ಎಲ್ಲಿ ಬಿಟ್ಟ್ ಬಂದ್ರಿ? ನೌಕರಿ ಆಕಿಗೆ ಸಿಕ್ಕೈತಿ, ಹುಚ್ಚು ನಿಮಗ ಹಿಡದೈತಿ" ಎಂದಳು. ಹಿಡಿಯಲಿ.

ಅವಳು ನನ್ನ ಮಗಳ ಮಗಳು. ನನ್ನ ಬಡಗಿತನದ ಅಂಗಡಿಯಲ್ಲೇ ಉಳಿ ಹಿಡಿದು ಬೆಳೆದವಳು. ಹೆಣ್ಣುಮಗಳಿಗೆ ಇದೇನು ಕೆಲಸ ಎಂದು ನಕ್ಕವರು ಈ ಓಣಿಯಲ್ಲೇ ಇದ್ದಾರೆ. ಅವರಿಗೂ ಪೇಢೆ ಕೊಟ್ಟೆ, ಒಂದೊಂದು ಹೆಚ್ಚಿಗೆ.

ಅವಳಿಗೆ ಕೆಲಸ ಸಿಕ್ಕಿದ್ದು ಸಮುದ್ರದ ದಂಡೆಯ ಒಂದು ಊರಿನಲ್ಲಿ. ಆ ಊರಿನ ಅಂಚಿಗೆ ಹಳೆಯ ಮನೆಗಳದೇ ಒಂದು ಕೇರಿ ಮಾಡಿದ್ದಾರೆ. ಬೇರೆ ಬೇರೆ ಸೀಮೆಯಲ್ಲಿ ಜನ ಬೇಡವೆಂದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಟಿಕೆಟ್ ತೆಗೆಸಿ ನೋಡಬೇಕು. ಆ ಮನೆಗಳ ಮರಗೆಲಸ ನೋಡಿಕೊಳ್ಳುವುದು ಇವಳ ಕೆಲಸ. ಆರು ತಿಂಗಳು ಕೆಲಸ ನೋಡುತ್ತೇವೆ, ಸರಿ ಬಂದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು.

ಇಂಥ ದಿನ ಕಹಿ ಮಾತು ಬರೆಯಬಾರದು. ಆದರೆ ಐದನೆಯ ತಿಂಗಳಲ್ಲಿ ನಾನು ಅಲ್ಲಿಗೆ ಹೋಗಿ ನೋಡಿದ್ದು ಇನ್ನೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ನಾನೂ ಹೆಂಡತಿಯೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು ಹೋದೆವು. ಹೆಂಡತಿ ಸಮುದ್ರ ನೋಡಿ, "ಇಷ್ಟ್ ನೀರ ಐತಿ, ಕುಡ್ಯಾಕ ಒಂದ್ ಚರಿಗಿ ಇಲ್ಲ" ಎಂದು ಹೇಳಿ ತಿರುಗಿಯೂ ನೋಡಲಿಲ್ಲ. ಮೊಮ್ಮಗಳು ನಮ್ಮನ್ನು ಆ ಕೇರಿಗೆ ಕರೆದುಕೊಂಡು ಹೋದಳು. ಒಂದು ಹೆಂಚಿನ ಮನೆ, ಒಂದು ಮರದ ಮಾಳಿಗೆ ಮನೆ ದಾಟಿದೆವು. ಆಮೇಲೆ ಬಂದದ್ದು ನಮ್ಮ ಕಡೆಯ ವಾಡೆ, ಸಾಹುಕಾರರ ದೊಡ್ಡ ಮನೆ.

ಬಾಗಿಲ ನೆತ್ತಿಯ ಮೇಲಿನ ಎರಡು ಗಿಳಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಎಡಗಡೆಯ ಗಿಳಿಯ ಕೊಕ್ಕು ಸ್ವಲ್ಪ ಮೊಂಡು. ಕೆತ್ತುವಾಗ ಅಪ್ಪನ ಉಳಿ ಜಾರಿದ್ದು ಅಲ್ಲಿ.

ಹೌದು, ನನ್ನ ಅಪ್ಪನದೇ ಕೆಲಸ. ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿಯ ಸಾಹುಕಾರರಿಗೆ ಅವನು ಕಟ್ಟಿಕೊಟ್ಟ ವಾಡೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟದ್ದು ಆ ಕೆಲಸಕ್ಕಾಗಿಯೇ. ಎರಡು ವರ್ಷ ಅವರ ಅಂಗಳದಲ್ಲಿ ಕೂತು ಉಂಡೆವು. ಕಂಬ ನಿಲ್ಲಿಸಿ ಮುಗಿದ ಮೇಲೆ ಆ ಪಡಸಾಲೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. ಈಗ ಅದೇ ಪಡಸಾಲೆಗೆ ಅಡ್ಡ ಹಗ್ಗ ಕಟ್ಟಿದ್ದಾರೆ. ಆಗ ಮಾತಿಲ್ಲದೆ ಹೊರಗಿಟ್ಟಿದ್ದರು, ಈಗ ಫಲಕ ಬರೆದು ಹೊರಗಿಟ್ಟಿದ್ದಾರೆ.

ಅಲ್ಲಿಯ ಮೇಸ್ತ್ರಿ ಬಂದ. ಆ ಸೀಮೆಯವನು, ಕೆಲಸದಲ್ಲಿ ಮೊಮ್ಮಗಳಿಗೆ ಮೇಲಿನವನು, ವಾಡೆಯನ್ನು ಅಲ್ಲಿ ಜೋಡಿಸಿದವನು. "ನೋಡಿ ಅಜ್ಜರೇ, ಇನ್ನೂರು ವರ್ಷದ ಕಂಬಗಳು. ಈಗಿನವರಿಗೆ ಇಂಥ ಕೆಲಸ ಬರುವುದಿಲ್ಲ ಮಾರಾಯ್ರೆ" ಎಂದ.

"ಹಂಗಾದ್ರ ನನಗ ಎಷ್ಟ್ ವಯಸ್ಸಾತ್ರಿ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ.

ಫಲಕ ಓದಿದೆ. ಸಾಹುಕಾರರ ಹೆಸರಿತ್ತು, ಮನೆಯನ್ನು ಕೊಂಡು ತಂದವರ ಹೆಸರಿತ್ತು. ಕಟ್ಟಿದವನ ಹೆಸರು ಹುಡುಕಿದೆ. "ಅಜ್ಞಾತ ಕುಶಲಕರ್ಮಿಗಳು" ಎಂದಿತ್ತು. ಆ ಮೊದಲನೇ ಶಬ್ದದ ಅರ್ಥ ನಾನು ಮೊಮ್ಮಗಳನ್ನೇ ಕೇಳಬೇಕಾಯಿತು. "ಯಾರಂತ ಗೊತ್ತಿಲ್ಲದವರು, ಅಜ್ಜಾ" ಎಂದಳು.

ಮೇಸ್ತ್ರಿ ಆಕಡೆ ಹೋದ ಮೇಲೆ ಅವಳು ಪಿಸುಮಾತಿನಲ್ಲಿ, "ಅಜ್ಜಾ, ನನ್ನ ಪರೀಕ್ಷೆ ಇದ ಮನಿ ಮ್ಯಾಲ ಐತಿ" ಎಂದಳು. ಕಂಬಗಳ ಮೇಲಿನ ತೊಲೆಯ ಜೋಡಣೆ ಬಿರುಕು ಬಿಟ್ಟಿತ್ತು. ಅವಳು ಮೂರು ಸಲ ತುಂಬಿದ್ದಳು, ಮೂರು ಸಲವೂ ಬಿಟ್ಟುಕೊಂಡಿತ್ತು. "ನನ್ನ ಕೈ ಸರಿ ಇಲ್ಲ ಅಂತಾರ. ಇನ್ನೊಂದು ಸಲ ಬಿಟ್ಟರ ಮನಿಗೆ ಕಳಸ್ತಾರ."

ತಲೆ ಎತ್ತಿ ನೋಡಿದೆ. ಕಂಬಕ್ಕೂ ತೊಲೆಗೂ ನಡುವೆ ಬೆಣೆ ತುರುಕಿದ್ದರು. ಬಾಗಿಲ ಹತ್ತಿರ ಮೂರು ಬೆಣೆ, ನಡುವೆ ಒಂದು. ಒಳಗಿನ ಕಂಬ ಮಾತ್ರ ತೊಲೆಯನ್ನು ಮೇಲಕ್ಕೆ ದೂಡಿ ನಿಂತಿತ್ತು. ಅವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಕಂಬಗಳೇ ಹಿಂದುಮುಂದಾಗಿದ್ದವು.

ಅದು ನನಗೆ ಹೇಗೆ ಗೊತ್ತು ಎಂದರೆ, ಆ ಮನೆಯನ್ನು ಬಿಚ್ಚಿದವನೇ ನಾನು.

ಸಾಹುಕಾರರ ಮಕ್ಕಳಿಗೆ ಸಿಮೆಂಟಿನ ಮನೆ ಬೇಕಾಗಿತ್ತು. ಹಳೆಯ ಮರ ಕೊಳ್ಳುವ ಒಬ್ಬ ವ್ಯಾಪಾರಿ ಲಾರಿ ತಂದ. ಮುರಿಯದೆ ಬಿಚ್ಚಿಕೊಡುವ ಬಡಗಿ ಬೇಕು ಎಂದ, ನಾನು ಹೋದೆ. ಆಗ ಅಪ್ಪ ಹಾಸಿಗೆ ಹಿಡಿದಿದ್ದ. ವಾಡೆ ದುರಸ್ತಿಗೆ ಹೋಗುತ್ತೇನೆ ಎಂದು ಅವನಿಗೆ ಸುಳ್ಳು ಹೇಳಿದೆ. ಎಂಟು ದಿನ ಬಿಚ್ಚಿದೆ. ಎಂಟು ದಿನವೂ ಮನೆಗೆ ಬಂದಾಗ ಅವನು, "ಇವತ್ತ ಏನ್ ಕೆಟ್ಟಿತ್ತೋ?" ಎಂದು ಕೇಳುತ್ತಿದ್ದ. ಒಂದು ದಿನ ಹೊಸ್ತಿಲು ಎಂದೆ, ಒಂದು ದಿನ ಕದದ ಕೀಲು ಎಂದೆ. "ಕಂಬ?" ಎಂದು ಕೇಳಿದ ದಿನ, "ಕಂಬಕ್ಕೇನಾಗೈತಿ, ಕಲ್ಲಿನಂಗ ಅದಾವು" ಎಂದೆ. ಅವನು ನಕ್ಕ. ಕಂಬಗಳು ಆಗಲೇ ಲಾರಿಯಲ್ಲಿದ್ದವು. ಅದೇ ವರ್ಷ ತೀರಿಕೊಂಡ, ತನ್ನ ವಾಡೆ ನಿಂತಿದೆ ಎಂದುಕೊಂಡೇ.

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅಲ್ಲಿ ಹಗ್ಗದ ಹೊರಗೆ ನಿಂತು ಇಬ್ಬರಿಗೂ ಹೇಳಿದೆ. ಹೆಂಡತಿ, "ಮಾವನಾರು ಸಾಯೂತನಾ ಆ ಕಂಬದ ಮಾತ ಆಡಿದ್ರು. ನೀವು ಹೂಂ ಹೂಂ ಅಂತಿದ್ರಿ" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೊಮ್ಮಗಳು ಮಾತ್ರ ಕೆಲಸದ ಮಾತು ಕೇಳಿದಳು. "ಗುರುತು ಹಾಕಿದ್ದ್ಯಾ ಅಜ್ಜಾ?"

ಹಾಕಿದ್ದೆ. ಪ್ರತಿ ಕಂಬದ ಬುಡದ ಹಿಂದೆ ಉಳಿಯಿಂದ ಕಚ್ಚು ಹೊಡೆದಿದ್ದೆ, ಒಂದರಿಂದ ನಾಲ್ಕರವರೆಗೆ. ನಮ್ಮಲ್ಲಿ ದೇವರ ಮನೆಯ ಕಡೆಯ ಕಂಬಕ್ಕೆ ಮೊದಲು ಪೂಜೆ, ಮೊದಲು ನಿಲ್ಲಿಸುವುದೂ ಅದನ್ನೇ, ಎಣಿಕೆಯೂ ಅಲ್ಲಿಂದಲೇ. ಪಡಸಾಲೆಯ ನೆಲ ಒಳಗೆ ಎತ್ತರ, ಬಾಗಿಲ ಕಡೆಗೆ ಇಳಿಜಾರು. ಹಾಗಾಗಿ ಒಂದನೆಯದು ಗಿಡ್ಡ, ನಾಲ್ಕನೆಯದು ಉದ್ದ. ಇವರು ಬಾಗಿಲಿನಿಂದ ಒಂದು, ಎರಡು ಎಂದು ಎಣಿಸಿ ನಿಲ್ಲಿಸಿದ್ದರು. ಲಾರಿಯವನಿಗೆ ಈ ಮಾತು ಹೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಲೋಕವೆಲ್ಲ ದೇವರ ಮನೆಯಿಂದಲೇ ಎಣಿಸುತ್ತದೆ ಎಂದುಕೊಂಡಿದ್ದೆ.

"ಸುಮ್ನಿರು ಯವ್ವಾ. ಅವನ ತಪ್ಪ ಅವಗ ತೋರಿಸಿದ್ರ ನಿನ್ನ ನೌಕರಿ ಹೊಕ್ಕೈತಿ" ಎಂದೆ.

"ಸುಮ್ನಿದ್ರೂ ಹೊಕ್ಕೈತಿ" ಎಂದವಳೇ ಹಗ್ಗ ದಾಟಿ, ಮೇಸ್ತ್ರಿಯನ್ನು ಕೂಗಿದಳು.

ಅವನು ಮೊದಲು ರೇಗಿದ. "ನಿಮ್ಮ ಅಜ್ಜ ಹೇಳಿದರು ಅಂತ ಮನೆ ಕೆಡವಲಿಕ್ಕೆ ಉಂಟಾ?" ಅವಳು ವಾದ ಮಾಡಲಿಲ್ಲ. ಅವನ ಕೈ ಹಿಡಿದು ಕಂಬದ ಹಿಂದೆ ಸವರಿಸಿದಳು. ಬಾಗಿಲ ಕಂಬ, ಒಂದು ಕಚ್ಚು. ಒಳಗಿನದು, ನಾಲ್ಕು. ಆಮೇಲೆ ಟೇಪು ಹಿಡಿದು ನಾಲ್ಕೂ ಕಂಬ ಅಳೆದಳು. ಅವನು ಬೆಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕಡೆಗೆ, "ಮೇಲಿನವರಿಗೆ ನಾನೇ ಹೇಳುತ್ತೇನೆ. ಆದರೆ ಬಿಚ್ಚಿ ನಿಲ್ಲಿಸುವುದು ನೀನು. ಬಿದ್ದರೆ ನಿನ್ನ ತಲೆಗೇ" ಎಂದ.

ನಾನು ಉಳಿಯಲಿಲ್ಲ. ಉಳಿಯುತ್ತೇನೆ ಎಂದೆ, ಅವಳೇ ಬೇಡವೆಂದಳು. ನೀನು ಇದ್ದರೆ ನೀನೇ ಮಾಡಿದ್ದು ಅಂತಾರೆ ಎಂದಳು. ಖರೆ ಮಾತು. ಅವಳೇ ನಿಲ್ಲಿಸಿದಳು. ಒಂದು ದೊಡ್ಡ ಮಳೆ ಹೊಡೆದು ಹೋಯಿತು, ಜೋಡಣೆ ಬಿಡಲಿಲ್ಲ. ಅದಕ್ಕೇ ಈ ನೌಕರಿ.

ಫಲಕ ಮಾತ್ರ ಹಾಗೇ ಇದೆ. ನನ್ನ ಅಪ್ಪನ ಹೆಸರು ಬರೆಯಿರಿ ಎಂದು ಅವಳು ಅರ್ಜಿ ಕೊಟ್ಟಳು. ಕಾಗದಪತ್ರದ ಆಧಾರ ಬೇಕು ಎಂದರಂತೆ. ಅಂಗಳದಲ್ಲಿ ಉಂಡವನಿಗೆ ಯಾವ ಕಾಗದ?

ಇವತ್ತು ಸಂಜೆಯ ಬಸ್ಸಿಗೆ ಅವಳು ಬಂದಳು. ಮಗಳು, ಅಳಿಯ, ನಾವಿಬ್ಬರು, ಅವಳು, ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಸಿಹಿ ಮಾದ್ಲಿಯ ಮೇಲೆ ಹಾಲು. ಅಳಿಯ ತನ್ನ ಮಗಳನ್ನು ನೋಡುತ್ತ ಉಣ್ಣುವುದನ್ನೇ ಮರೆತಿದ್ದ.

"ಇನ್ನ ಮುಂದಿನ ಮನಿ ನಮ್ಮ ಕಡೆ ಡೋಣಿ ಊರಿಂದು. ಅದರ ತೊಲಿನೂ ಬಿಟ್ಟೈತಿ" ಎಂದಳು ಮೊಮ್ಮಗಳು.

ನನ್ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಈ ಸಲ ಯಾರೂ ಕೇಳುವ ಮೊದಲೇ ಹೇಳಿದೆ. "ಅದನ್ನೂ ನಾನ ಬಿಚ್ಚೀನಿ."

ಹೆಂಡತಿ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿ, "ಉಣ್ರಿ. ಉಂಡ್ ಮ್ಯಾಲ ಇನ್ನೆಷ್ಟ್ ಮನಿ ಬಿಚ್ಚೀರಿ ಎಲ್ಲಾ ಹೇಳ್ರಿ, ಆಕಿ ಬರಕೊಳ್ಳಲಿ" ಎಂದಳು. ಮೊಮ್ಮಗಳು ಮಾದ್ಲಿಗೆ ಹಾಲು ಕೇಳಿದಳು. ಎಲ್ಲರೂ ಮತ್ತೆ ಉಣ್ಣತೊಡಗಿದೆವು.